ಮಗು ಕಾಣದಿದ್ದರೆ ಮೊದಲು ಸಂಪು ನೋಡಿ

ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬ ದಿನ ಯೋಚಿಸಿದೆ. ನಮ್ಮ ಕೆಳಗಿನ ಮನೆಯಲ್ಲಿದ್ದವರು ಮಗುವನ್ನು ಕಳೆದುಕೊಂಡ ನೋವನ್ನು ನಾನು ಯಾಕೆ ಎತ್ತಿ ಆಡಬೇಕು ಅನ್ನಿಸುತ್ತಿತ್ತು. ಮೊನ್ನೆ ಪಾಪುವಿನ ಅಮ್ಮನಿಗೇ ಫೋನ್ ಮಾಡಿ ಕೇಳಿದೆ. "ಬರೀರಿ ಆಂಟಿ, ಹೆಸರು ಮಾತ್ರ ಬೇಡ" ಎಂದಳು.

ನಾವು ಉತ್ತರಹಳ್ಳಿ ಕಡೆ ಒಂದು ಮೂರಂತಸ್ತಿನ ಬಾಡಿಗೆ ಕಟ್ಟಡದಲ್ಲಿ ಇದ್ದೇವೆ. ಮೇಲಿನ ಮಹಡಿ ಓನರ್‌ದು, ನಡುವೆ ನಾವು. ಕೆಳಗೆ ಎರಡು ಚಿಕ್ಕ ಮನೆ, ಒಂದಿಷ್ಟು ಪಾರ್ಕಿಂಗ್. ಆ ಪಾರ್ಕಿಂಗ್ ನೆಲದ ಅಡಿಯಲ್ಲಿ ಎಂಟು ಸಾವಿರ ಲೀಟರ್ ಸಂಪು. ಬೆಂಗಳೂರಿನಲ್ಲಿ ಇದೇನು ಹೊಸದಲ್ಲ. ಗಾಡಿ ನಿಲ್ಲಿಸುವುದೂ ಅದರ ಮೇಲೆ, ಮಕ್ಕಳು ಆಡುವುದೂ ಅದರ ಮೇಲೆ, ಹಬ್ಬಕ್ಕೆ ರಂಗೋಲಿ ಹಾಕುವುದೂ ಅದರ ಮೇಲೆ. ಕಾಲ ಕೆಳಗೆ ಆಳುದ್ದ ನೀರಿದೆ ಎಂದು ಯಾರಿಗೂ ನೆನಪಿರುವುದಿಲ್ಲ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಫಾಲ್ ಪಿಕೋ ಹಾಕುತ್ತೇನೆ. ಮಿಷನ್ ಕಿಟಕಿ ಪಕ್ಕ. ಹಾಗಾಗಿ ಕೆಳಗಿನ ಸದ್ದೆಲ್ಲ ನನಗೆ ಗೊತ್ತು. ಯಾರ ಕುಕ್ಕರ್ ಎಷ್ಟು ಸಲ ಕೂಗಿತು, ಸೊಪ್ಪಿನವನು ಯಾವ ತಿರುವಿನಲ್ಲಿದ್ದಾನೆ, ಎಲ್ಲವೂ. ಕೆಳಗಿನ ಮನೆಯ ಪಾಪುಗೆ ಆಗ ಎರಡು ವರ್ಷ ಮೂರು ತಿಂಗಳು. ನನ್ನನ್ನು "ಮಿಶನಾಂಟಿ" ಅನ್ನುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಮೆಟ್ಟಿಲ ಮೇಲೆ ಅಂಬೆಗಾಲಿಟ್ಟು ಹತ್ತಿ ಬರುವಳು. ಕತ್ತರಿಸಿ ಬಿದ್ದ ಬಟ್ಟೆ ಚೂರುಗಳನ್ನೆಲ್ಲ ಆರಿಸಿ ಒಂದು ಹಾರ್ಲಿಕ್ಸ್ ಡಬ್ಬಿಗೆ ತುಂಬುವಳು. ಹೋಗುವಾಗ ಡಬ್ಬಿ ಬೋರಲು ಹಾಕಿ ಎಲ್ಲವನ್ನೂ ಮತ್ತೆ ನೆಲಕ್ಕೆ ಸುರಿಯುವಳು. ನನ್ನ ಮಗ ಆಗ ಒಂಬತ್ತನೇ ಕ್ಲಾಸ್, ಮಗಳು ಆರನೇ ಕ್ಲಾಸ್. ಪಾಪು ನಮ್ಮ ಮನೆಯ ಮೂರನೇ ಮಗುವೇ ಆಗಿದ್ದಳು.

ಈಗ ಹೇಳುವ ಮಾತು ನನ್ನ ಎದೆಗೆ ಚುಚ್ಚುವಂಥದ್ದು. ಅವಳಿಗೆ ಸಂಪು ತೋರಿಸಿದ್ದು ನಾವೇ.

ಊಟ ಮಾಡದೆ ಹಟ ಮಾಡಿದರೆ ಎತ್ತಿಕೊಂಡು ಹೋಗಿ ಸಂಪಿನ ಮುಚ್ಚಳ ತೆಗೆಯುವುದು. "ನೋಡು, ನೀರು ಮಾಮ ನೋಡು, ಕೂ ಅನ್ನು" ಎನ್ನುವುದು. ಇವಳು ಕೂ ಅಂದರೆ ಒಳಗಿನಿಂದ ಕೂ ಅಂತ ದನಿ ಬರುತ್ತಿತ್ತು. ನಗುತ್ತಾ ಬಾಯಿ ತೆರೆದಾಗ ಒಂದು ತುತ್ತು. ಅವಳಮ್ಮ ಮಾಡುತ್ತಿದ್ದಳು, ಓನರ್ ಆಂಟಿ ಮಾಡುತ್ತಿದ್ದರು, ನಾನೂ ಮಾಡಿದ್ದೇನೆ. ನನ್ನ ಮಗನಿಗೂ ಚಿಕ್ಕವನಿದ್ದಾಗ ಹೀಗೇ ಉಣಿಸಿದ್ದೆ. ಬಾವಿ ಅಂದರೆ ಮಕ್ಕಳನ್ನು ಹೆದರಿಸಿ ದೂರ ಇಡುತ್ತಿದ್ದರು ನಮ್ಮ ಅಜ್ಜಿಯರು. ಸಂಪು ಅಂದರೆ ನಮಗೆ ಪಾತ್ರೆಪಗಡದ ಹಾಗೆ, ಮನೆಯದೇ ಒಂದು ವಸ್ತು. ಹೆದರಿಕೆಯೇ ಇಲ್ಲ.

2024ರ ಬೇಸಿಗೆ ನಿಮಗೆಲ್ಲ ನೆನಪಿದೆ ಅಲ್ವಾ. ಬೋರ್‌ವೆಲ್‌ಗಳು ಬತ್ತಿ ಹೋಗಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡುತ್ತಿತ್ತು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ಗೊತ್ತು ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಪೇಪರಿನಲ್ಲಿ ಓದಿದ್ದಷ್ಟೇ. ನಮ್ಮ ರಸ್ತೆಗೆ ಬರುವವನು ಆರು ಸಾವಿರ ಲೀಟರಿಗೆ 1,200ಕ್ಕಿಂತ ಒಂದು ರೂಪಾಯಿ ಕಡಿಮೆ ಮುಟ್ಟುತ್ತಿರಲಿಲ್ಲ.

ಏಪ್ರಿಲ್‌ನ ಒಂದು ಬೆಳಿಗ್ಗೆ, ಹನ್ನೊಂದು ಗಂಟೆ ಹತ್ತಿರ, ಟ್ಯಾಂಕರ್ ಬಂತು. ಪಾಪು ಪೈಪ್ ಬಿಡುವುದನ್ನು ನೋಡಲು ಓಡಿ ಬಂದಳು. ಅವಳಮ್ಮನೂ ಬಂದಳು. ಓನರ್ ಆಂಟಿ ಗೇಟಿನ ಹತ್ತಿರ ನಿಂತಿದ್ದರು. ನೀರು ತುಂಬಿತು. ಟ್ಯಾಂಕರ್ ಜೊತೆ ಬಂದಿದ್ದ ಹುಡುಗ ಪೈಪ್ ಎಳೆದುಕೊಂಡ. ದುಡ್ಡಿನ ಮಾತು ಶುರುವಾಯಿತು. "ಸರ್ಕಾರ ಆರುನೂರು ಅಂದಿದೆ" ಎಂದು ಆಂಟಿ. "ಹಂಗಾದ್ರೆ ಸರ್ಕಾರದ್ ಹತ್ರಾನೇ ನೀರ್ ತರಿಸ್ಕೊಳ್ಳಿ" ಎಂದು ಡ್ರೈವರ್. ನನಗೂ ಕೋಪ ಬಂತು. ಮಿಷನ್ ಬಿಟ್ಟು ಕೆಳಗೆ ಇಳಿದೆ, ಜಗಳಕ್ಕೆ ಸೇರಿಕೊಂಡೆ. ಅಷ್ಟರಲ್ಲಿ ಪಾಪುವಿನ ಮನೆಯ ಕುಕ್ಕರ್ ಕೂಗಿತು. ನಾವಿಬ್ಬರು ಅಲ್ಲೇ ಇದ್ದೆವಲ್ಲ, ಅವಳಮ್ಮ ಒಲೆ ಆರಿಸಲು ಒಳಗೆ ಹೋದಳು. ಯಾರು ತಾನೇ ಹೋಗುವುದಿಲ್ಲ?

ನಾನು ನಿಂತಿದ್ದು ಸಂಪಿಗೆ ಬೆನ್ನು ಮಾಡಿ. ಹೆಚ್ಚೆಂದರೆ ಐದು ಹೆಜ್ಜೆ ದೂರ. ಪಾಪುವನ್ನು ಕೊನೆಗೆ ನೋಡಿದ್ದು ತುಳಸಿ ಕುಂಡದ ಪಕ್ಕ. ಯಾವ ಸದ್ದೂ ಕೇಳಲಿಲ್ಲ. ಟ್ಯಾಂಕರ್ ಎಂಜಿನ್ ಓಡುತ್ತಿತ್ತು ಎಂದು ನಾನು ಎಷ್ಟೋ ದಿನ ಸಮಾಧಾನ ಮಾಡಿಕೊಂಡಿದ್ದೆ. ಆಮೇಲೆ ಡಾಕ್ಟರೊಬ್ಬರು ಹೇಳಿದರು. ಎಂಜಿನ್ ನಿಂತಿದ್ದರೂ ಕೇಳುತ್ತಿರಲಿಲ್ಲವಂತೆ. ಮುಳುಗುವ ಮಗು ಕಿರುಚುವುದಿಲ್ಲ, ಕೈ ಬೀಸುವುದಿಲ್ಲ. ಉಸಿರಿಗೇ ದಾರಿಯಿಲ್ಲ, ಕೂಗುವುದೆಲ್ಲಿಂದ? ಆ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಬಗ್ಗಿ ನೋಡಿದರೆ ತಲೆ ಮುಂದಾಗಿಯೇ ಬೀಳುತ್ತಾರೆ.

ಪೈಪ್ ಸುತ್ತಿಟ್ಟು ಬಂದ ಹುಡುಗ ಸಂಪಿನ ಮುಚ್ಚಳವನ್ನು ಕಾಲಿನಿಂದ ತಳ್ಳಿ ಮುಚ್ಚಿದ. ಒಳಗೆ ನೋಡಲಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ. ಅವನಿಗೂ ಹದಿನೆಂಟೋ ಹತ್ತೊಂಬತ್ತೋ. ಮುಚ್ಚಳದ ಒಂದು ಕಡೆಯ ಹಿಂಜು ಮುರಿದು ಆರು ತಿಂಗಳಾಗಿತ್ತು, ಬೀಗ ಹಾಕುವ ಹಾಗೇ ಇರಲಿಲ್ಲ. "ವೆಲ್ಡಿಂಗ್‌ನವನಿಗೆ ಹೇಳಬೇಕು" ಎಂದು ಎಲ್ಲರೂ ಹೇಳುತ್ತಿದ್ದೆವು. ಯಾರೂ ವೆಲ್ಡಿಂಗ್‌ನವನಿಗೆ ಹೇಳಲಿಲ್ಲ.

ಸಾವಿರಕ್ಕೆ ಮಾತು ಮುಗಿಯಿತು. ಟ್ಯಾಂಕರ್ ಹೋಯಿತು. ಇನ್ನೂರು ರೂಪಾಯಿ ಉಳಿಸಿದ ಖುಷಿಯಲ್ಲಿ ನಾನು ಮೆಟ್ಟಿಲು ಹತ್ತುತ್ತಿದ್ದೆ. "ಆಂಟಿ, ಪಾಪು ನಿಮ್ಮನೇಲಿ ಇದ್ದಾಳಾ?" ಎಂದು ಕೆಳಗಿನಿಂದ ಕೇಳಿತು.

ಮುಂದಿನ ಹತ್ತು ನಿಮಿಷ ನಾವು ಎಲ್ಲೆಲ್ಲಿ ಹುಡುಕಿದೆವು ಎಂದರೆ, ಟೆರೇಸ್, ಮಂಚದ ಕೆಳಗೆ, ಪಕ್ಕದ ಮನೆ, ಮೂಲೆಯ ಅಂಗಡಿ. ಟ್ಯಾಂಕರ್ ಚಕ್ರಕ್ಕೇನಾದರೂ ಸಿಕ್ಕಳೋ ಎಂದು ರಸ್ತೆ ಉದ್ದಕ್ಕೂ ನೋಡಿದೆವು. ಓನರ್ ಮಗ ಟ್ಯಾಂಕರ್‌ನವರ ಮೇಲೆ ಅನುಮಾನ ಪಟ್ಟು ಬೈಕ್ ಹತ್ತಿ ಅವರ ಹಿಂದೆ ಹೋದ. ಪರೀಕ್ಷೆ ಮುಗಿಸಿ ರಜದಲ್ಲಿದ್ದ ನನ್ನ ಮಗ ಬಂದು ಮೆಲ್ಲಗೆ, "ಅಮ್ಮ, ಸಂಪು ನೋಡಿದ್ರಾ?" ಎಂದ.

"ಬಿಡ್ತು ಅನ್ನು! ಮುಚ್ಚಿದೆ ಕಣೋ ಅದು" ಎಂದು ಬೈದೆ.

ಅವನು "ಬಿಡ್ತು" ಎಂದ. ತಲೆ ತಗ್ಗಿಸಿ ಹೋದ. ಕೆಟ್ಟದ್ದನ್ನು ಬಾಯಲ್ಲಿ ಹೇಳಬಾರದು, ಮನಸ್ಸಿನಲ್ಲೂ ತರಬಾರದು ಎಂದು ನಮ್ಮನ್ನು ಬೆಳೆಸಿದ್ದಾರೆ. ಅವತ್ತು ಆ ಒಂದು ಮಾತಿನಿಂದ ಎಷ್ಟು ನಿಮಿಷ ಹೋಯಿತೋ ನನಗೆ ಗೊತ್ತಿಲ್ಲ. ಬೈಕಿನಲ್ಲಿ ಹೋದವನು ಬರಿಗೈಯಲ್ಲಿ ವಾಪಸ್ ಬಂದ ಮೇಲೆ ಮುಚ್ಚಳ ತೆಗೆದೆವು.

ಒಳಗೆ ಏನೂ ಕಾಣಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಸಂಪಿನ ಬಾಯಿ ಎರಡಡಿ ಅಗಲ ಇರಬಹುದು, ಆದರೆ ಒಳಗೆ ಅದು ಪಾರ್ಕಿಂಗ್ ಉದ್ದಕ್ಕೂ ಹರಡಿರುತ್ತದೆ. ಮೇಲಿನಿಂದ ಇಣುಕಿದರೆ ಬಾಯಿಯ ಕೆಳಗಿನ ನೀರು ಮಾತ್ರ ಕಾಣುತ್ತದೆ. "ಇಲ್ಲ, ಇಲ್ಲಿಲ್ಲ" ಎಂದು ಆಂಟಿ ಅಂದೇ ಬಿಟ್ಟಿದ್ದರು. ಓನರ್ ಮಗ ಮೊಬೈಲ್ ಟಾರ್ಚ್ ಹಾಕಿಸಿಕೊಂಡು ಇಳಿದ. ಅವಳು ಮೂಲೆಯಲ್ಲಿದ್ದಳು.

ಆಮೇಲೆ ನಾವು ಮಾಡಿದ್ದೆಲ್ಲ ತಪ್ಪು. ತಲೆಕೆಳಗು ಹಿಡಿದು ತೂಗಿದೆವು. ಹೊಟ್ಟೆ ಒತ್ತಿ ನೀರು ಕಕ್ಕಿಸಲು ನೋಡಿದೆವು. ಅಷ್ಟೂ ಜನರಲ್ಲಿ ಒಬ್ಬರಿಗೂ ಉಸಿರು ಕೊಡುವುದು ಹೇಗೆಂದು ಗೊತ್ತಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಅವಳಮ್ಮನ ತೊಡೆಯ ಮೇಲೆ ಪಾಪು, ಪಕ್ಕದಲ್ಲಿ ನಾನು. ಆ ದಾರಿಯ ಬಗ್ಗೆ ಬರೆಯುವುದಿಲ್ಲ. ಅಲ್ಲಿ ಡಾಕ್ಟರು ತುಂಬ ಹೊತ್ತು ಪ್ರಯತ್ನ ಮಾಡಿದರು. ಸಂಜೆ ಪೊಲೀಸರು ಬಂದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಬರೆದುಕೊಂಡರು. ಹೆತ್ತವಳನ್ನು "ನೀವು ಆಗ ಎಲ್ಲಿದ್ರಿ?" ಎಂದು ಮೂರು ಸಲ ಕೇಳಿದರು. ಕೇಳುವುದು ಅವರ ಕೆಲಸ, ಸರಿ. ಆದರೆ ನೆಂಟರು, ಬೀದಿಯವರು, ಹೂವಿನವಳು, ಎಲ್ಲರೂ ಅದನ್ನೇ ಕೇಳಿದರು. "ನೀವು ಎಲ್ಲಿದ್ರಿ?" ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನು ಐದು ಹೆಜ್ಜೆ ದೂರದಲ್ಲಿದ್ದೆ. ಪಾಪುವಿನ ಅಪ್ಪನನ್ನೂ ಯಾರೂ ಕೇಳಲಿಲ್ಲ, ಅದು ಬೇರೆ ವಿಷಯ.

ಅವರು ಮುಂದಿನ ತಿಂಗಳೇ ಮನೆ ಖಾಲಿ ಮಾಡಿ ಮಾಗಡಿ ಕಡೆ ತಮ್ಮೂರಿಗೆ ಹೋದರು.

ಈಗ ನಾನು ತಿಳಿದುಕೊಂಡಿದ್ದನ್ನು ಹೇಳುತ್ತೇನೆ. ಮಗು ಕಣ್ಣಿಗೆ ಬೀಳದಿದ್ದರೆ ಮೊದಲು ನೀರು ನೋಡಿ. ಮಂಚದ ಕೆಳಗಿರುವ ಮಗು ಹತ್ತು ನಿಮಿಷ ಆದಮೇಲೂ ಅಲ್ಲೇ ಇರುತ್ತದೆ. ನೀರಿನಲ್ಲಿರುವ ಮಗುವಿಗೆ ಅಷ್ಟು ಹೊತ್ತಿಲ್ಲ, ಆಮ್ಲಜನಕ ನಿಂತ ನಾಲ್ಕೈದು ನಿಮಿಷಕ್ಕೇ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಸಂಪು ಮುಚ್ಚಿದ್ದರೂ ತೆಗೆದು ನೋಡಿ. ಡ್ರಮ್ಮು, ಬಾತ್‌ರೂಮಿನ ಬಕೆಟ್ಟು ಕೂಡ ನೋಡಿ. ಈಗಷ್ಟೇ ನಿಲ್ಲಲು ಕಲಿತ ಮಗುವಿಗೆ ಅರ್ಧ ಬಕೆಟ್ ನೀರು ಸಾಕು. ಯಾರಾದರೂ ಬಿಡ್ತು ಅನ್ನು ಎಂದರೆ ಅನ್ನಿ, ಅನ್ನುತ್ತಲೇ ಮುಚ್ಚಳ ಎತ್ತಿ.

ಮಗು ಸಿಕ್ಕಿದ ತಕ್ಷಣ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹೊಟ್ಟೆ ಒತ್ತಬೇಡಿ, ತಲೆಕೆಳಗು ಮಾಡಬೇಡಿ. ಉಸಿರಿಲ್ಲದಿದ್ದರೆ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡು ಸಲ ಎದೆ ಉಬ್ಬುವಷ್ಟು ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಆಂಬುಲೆನ್ಸ್‌ನವರು ಬರುವವರೆಗೆ ಬಿಡಬೇಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಗು ಕೆಮ್ಮಿ ಎದ್ದು ಕೂತರೂ ಆಸ್ಪತ್ರೆಗೆ ತೋರಿಸಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದಂತೆ. ಇದನ್ನು ಓದಿದರೆ ಸಾಲದು, ಬೊಂಬೆ ಇಟ್ಟು ಹೇಳಿಕೊಡುತ್ತಾರೆ, ಒಮ್ಮೆ ಹೋಗಿ ಕಲಿಯಿರಿ. ನಾನೂ ನನ್ನ ಮಗನೂ ಕಲಿತೆವು. ಅಲ್ಲಿ ನನ್ನ ಕೈ ನಡುಗಿದ್ದು ನೋಡಿ ಹೇಳಿಕೊಡುವವರು ನೀರು ತಂದು ಕೊಟ್ಟರು.

ನಮ್ಮ ಸಂಪಿಗೆ ಈಗ ಹೊಸ ಮುಚ್ಚಳ, ಬೀಗ. ಅದರ ಕೆಳಗೆ ಇನ್ನೊಂದು ಕಬ್ಬಿಣದ ಸರಳಿನ ಜಾಲರಿ ಕೂರಿಸಿದ್ದಾರೆ. ಪೈಪ್ ಹೋಗುವಷ್ಟು ಜಾಗ ಬಿಟ್ಟಿದ್ದಾರೆ, ಮಗುವಿನ ತಲೆ ಹೋಗುವುದಿಲ್ಲ. ನೀರು ಎಷ್ಟಿದೆ ಎಂದು ಇಣುಕುವ ಕೆಲಸವೂ ಇಲ್ಲ, ಮಟ್ಟ ತೋರಿಸುವ ಸೆನ್ಸರ್ ಹಾಕಿಸಿದೆವು. ಬೀಗ ತೆಗೆದವರೇ ಮತ್ತೆ ಹಾಕಬೇಕು. ನಡುವೆ ಕುಕ್ಕರ್ ಕೂಗಲಿ, ಜಗಳ ಆಗಲಿ, ಅಲ್ಲಿಂದ ಕದಲುವ ಹಾಗಿಲ್ಲ. "ಎಲ್ಲರೂ ಇದ್ದೀವಲ್ಲ" ಎನ್ನುವಾಗಲೇ ಯಾರೂ ನೋಡುತ್ತಿರುವುದಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ವಿಷಯ. ಸಂಪು ಕ್ಲೀನ್ ಮಾಡಲು ಹಾಗೇ ಯಾರನ್ನೂ ಒಳಗೆ ಇಳಿಸಬೇಡಿ. ತುಂಬ ದಿನ ಮುಚ್ಚಿದ್ದ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತದೆ, ದೊಡ್ಡವರೇ ಎಚ್ಚರ ತಪ್ಪಿ ಬೀಳುತ್ತಾರೆ.

ಕಳೆದ ಭಾನುವಾರ ನಾಗರಬಾವಿಯಲ್ಲಿ ತಂಗಿ ಮನೆಗೆ ಹೋಗಿದ್ದೆ. ಗೃಹಪ್ರವೇಶ ಆಗಿ ಎರಡು ತಿಂಗಳು. ಸಂಪಿಗೆ ಒಂದು ಪ್ಲೈವುಡ್ ಹಲಗೆ ಮುಚ್ಚಿದ್ದಾರೆ, ಮೇಲೆ ಕಾಲೊರೆಸುವ ಮ್ಯಾಟ್. ಅವಳ ಮೊಮ್ಮಗನಿಗೆ ಒಂದೂವರೆ ವರ್ಷ. "ಅಕ್ಕ, ಮುಂದಿನ ವಾರ ಮುಚ್ಚಳ ಬರುತ್ತೆ, ಊಟಕ್ಕೆ ಬಾ" ಎಂದಳು. ನಾನು ಹಿತ್ತಿಲಲ್ಲಿದ್ದ ಹಳೇ ರುಬ್ಬುವ ಕಲ್ಲನ್ನು ತಂಗಿ ಗಂಡನ ಕೈಲಿ ಹೊರಿಸಿ ಹಲಗೆ ಮೇಲೆ ಇಡಿಸಿದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ತಂಗಿ ಬೈದಳು, ಬೀಗರ ಮುಂದೆ ಮರ್ಯಾದೆ ಹೋಯಿತು ಎಂದಳು. ಒಬ್ಬಟ್ಟಿನ ಊಟವನ್ನು ಎಲೆ ಸಮೇತ ಅಲ್ಲಿಗೇ ತಂದು ಕೊಟ್ಟಳು. ವೆಲ್ಡಿಂಗ್‌ನವನು ನಾಲ್ಕೂವರೆಗೆ ಬಂದ. ಅವನು ಕೊನೆಯ ಹಿಂಜು ಕೂರಿಸಿ ಬೀಗ ಹಾಕಿ ಕೀಲಿ ನನ್ನ ಕೈಗೆ ಕೊಟ್ಟ ಮೇಲೆ ಎದ್ದು ಬಸ್ ಹಿಡಿದೆ.