ಚೀನೀ ಎಂಟು ಧಾನ್ಯದ ಸಿಹಿ ಗಂಜಿ ಮಿಕ್ಸ್: ಸಾಮಗ್ರಿಗೆ ಪೂರ್ಣ ಅಂಕ, ಸೂಚನೆಗೆ ಸೊನ್ನೆ

ಅಂಟಕ್ಕಿ, ಕಪ್ಪಕ್ಕಿ, ನವಣೆ, ಅಡ್ಜುಕಿ ಕಾಳು (ಚಿಕ್ಕ ಕೆಂಪು ಕಾಳು), ಶೇಂಗಾ, ತಾವರೆ ಬೀಜ, ಕೆಂಪು ಬೋರೆ, ಲಾಂಗನ್ (ಲಿಚಿಯಂಥ ಒಣಹಣ್ಣು) ಎಲ್ಲ ಒಂದೇ ಪೊಟ್ಟಣದಲ್ಲಿ ಬರುವ ಬಾಬಾವ್ (ಅಂದರೆ ‘ಎಂಟು ನಿಧಿ’) ಗಂಜಿಯ ಮಿಕ್ಸ್ ಇದು. ಚೀನಾದಲ್ಲಿ ಚಾಂದ್ರಮಾನದ ಹನ್ನೆರಡನೇ ತಿಂಗಳ ಎಂಟನೇ ದಿನ, ಲಾಬಾ ಹಬ್ಬಕ್ಕೆ ಕುದಿಸುವುದೂ ಇದೇ ಬಗೆಯ ಗಂಜಿ. ಒಂದೊಂದನ್ನೂ ಹುಡುಕಿ ತರುವ ತಾಪತ್ರಯ ತಪ್ಪುತ್ತದೆ, ಕಾಳುಗಳೂ ಚೆನ್ನಾಗಿವೆ. ಆದರೆ ಎಲ್ಲವನ್ನೂ ಒಟ್ಟಿಗೆ ಹಾಕಿ ಬೇಯಿಸಿ ಎನ್ನುವ ಸೂಚನೆಯನ್ನು ದಯವಿಟ್ಟು ನಂಬಬೇಡಿ. ಹಾಗೆ ಮಾಡಿದರೆ ಅಂಟಕ್ಕಿ ಕರಗಿ ತಳ ಹಿಡಿಯುವ ಹೊತ್ತಿಗೂ ಅಡ್ಜುಕಿ ಕಾಳು ಕಲ್ಲಿನಂತೆಯೇ ಇರುತ್ತದೆ.

ಮೊದಲು ತಟ್ಟೆಗೆ ಸುರಿದು ಬೇರ್ಪಡಿಸಿ. ಅಡ್ಜುಕಿ, ಶೇಂಗಾ, ತಾವರೆ ಬೀಜ, ಕಪ್ಪಕ್ಕಿ ಎಂಟು ಗಂಟೆ ನೆನೆಯಲಿ. ಸೆಕೆಗಾಲವಾದರೆ ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತದೆ. ಕಪ್ಪಕ್ಕಿಯನ್ನು ಬೇರೆ ಬಟ್ಟಲಲ್ಲಿ ನೆನೆಸಿ, ಆ ನೀರನ್ನು ಚೆಲ್ಲಬೇಡಿ. ಗಂಜಿಯ ನೇರಳೆ ಬಣ್ಣವೆಲ್ಲ ಅದರಲ್ಲೇ ಇರುತ್ತದೆ. ತಾವರೆ ಬೀಜವನ್ನು ಒಡೆದು ನೋಡಿ. ನಡುವೆ ಹಸಿರು ಮೊಳಕೆ ಉಳಿದಿದ್ದರೆ ಕಿತ್ತು ತೆಗೆಯಿರಿ. ಬರೀ ನಾಲ್ಕೈದು ಮೊಳಕೆ ಸಾಕು, ಇಡೀ ಪಾತ್ರೆ ಕಹಿಯಾಗಲು. ಅಂಟಕ್ಕಿಗೂ ನವಣೆಗೂ ಒಂದು ಗಂಟೆ ನೆನೆದರೆ ಸಾಕು.

200 ಗ್ರಾಂ ಮಿಕ್ಸ್‌ಗೆ ಎರಡು ಲೀಟರ್ ನೀರು. ನೆನೆದ ಕಾಳು, ಬೀಜ, ಕಪ್ಪಕ್ಕಿಯನ್ನು ಮೊದಲು 40 ನಿಮಿಷ ಬೇಯಿಸಿ. ಒಂದು ಅಡ್ಜುಕಿ ಕಾಳನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ. ನಡುವೆ ಹರಳು ಸಿಗದೆ ಮೆತ್ತಗಾದರೆ ಮಾತ್ರ ಅಂಟಕ್ಕಿ, ನವಣೆ ಸೇರಿಸಿ. ನಂತರದ ಹತ್ತು ನಿಮಿಷ ಸೌಟು ಬಿಡಬೇಡಿ, ತಳ ಹತ್ತುವುದು ಆಗಲೇ. ಆಮೇಲೆ ಉರಿ ಸಣ್ಣ ಮಾಡಿ ಇನ್ನರ್ಧ ಗಂಟೆ ಬಿಡಿ. ನೀರು ಕಡಿಮೆಯೆನಿಸಿದರೆ ಕುದಿಯುವ ನೀರನ್ನೇ ಹಾಕಿ. ಬೀಜ ತೆಗೆದ ಬೋರೆ, ಲಾಂಗನ್ ಕೊನೆಯ ಇಪ್ಪತ್ತು ನಿಮಿಷಕ್ಕೆ. 60 ಗ್ರಾಂ ಕಲ್ಲುಸಕ್ಕರೆ ತೀರಾ ಕೊನೆಗೆ: ಮೊದಲೇ ಹಾಕಿದರೆ ಕಾಳು ಬೇಗ ಮೆತ್ತಗಾಗುವುದಿಲ್ಲ.

ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಬೇಡವೇ ಬೇಡ, ಕಪ್ಪಕ್ಕಿಯ ಚೆಂದದ ನೇರಳೆ ಬಣ್ಣ ನೀಲಿ ಬೂದಿಗೆ ತಿರುಗುತ್ತದೆ. ಪ್ರೆಶರ್ ಕುಕ್ಕರ್ ಬಳಸುವುದಾದರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ನೊರೆಯುಕ್ಕಿ ಆವಿಯ ದಾರಿ ಕಟ್ಟಿಕೊಳ್ಳುತ್ತದೆ.

ಬೇಯುವ ಹೊತ್ತಿಗೆ ತಕ್ಕಂತೆ ಒಳಗೆ ಬೇರೆಬೇರೆ ಚೀಲಗಳಲ್ಲಿ ತುಂಬಿದ ಪೊಟ್ಟಣ ಸಿಕ್ಕರೆ, ತುಸು ದುಬಾರಿಯಾದರೂ ಅದನ್ನೇ ಕೊಳ್ಳಿ. ಗಂಜಿ ಸೌಟಿನಿಂದ ಸರಾಗವಾಗಿ ಇಳಿಯುತ್ತಿರುವಾಗಲೇ ಒಲೆ ಆರಿಸಿ. ತಣಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ.