ಪುಕ್ಕಟೆ ಸಿಗುವ ನೊಟೇಷನ್ ತಂತ್ರಾಂಶಕ್ಕೆ ನಾನು ‘ಜೀವನಪರ್ಯಂತ ಪರವಾನಗಿ’ ಕೊಂಡದ್ದು

ಸ್ಟಾಫ್ ನೊಟೇಷನ್, ಅಂದರೆ ಐದು ಗೆರೆಗಳ ಮೇಲಿನ ಪಾಶ್ಚಾತ್ಯ ಸ್ವರಲಿಪಿ, ಬರೆಯುವ ತಂತ್ರಾಂಶವನ್ನು ಕಡಿಮೆ ಬೆಲೆಗೆ ಕೊಡುತ್ತೇವೆ, ಬಳಸುವುದನ್ನೂ ನಾವೇ ಕಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಹಣ ಕೊಡುವ ಮೊದಲು ಇದನ್ನು ಓದಿ. ನಾಚಿಕೆಯಿಂದ ಎರಡು ತಿಂಗಳು ಬಾಯಿ ಬಿಡದೆ ಕುಳಿತಿದ್ದೆ. ಅದೇ ಜಾಹೀರಾತು ನಿನ್ನೆ ಮತ್ತೆ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ನಾನು ಪಿಟೀಲು ನುಡಿಸುವವನು. ನಮ್ಮ ಪುಟ್ಟ ವಾದ್ಯವೃಂದಕ್ಕೆ ಪ್ರತಿಯೊಬ್ಬರೂ ನುಡಿಸಬೇಕಾದ ಭಾಗವನ್ನು ಕೈಯಲ್ಲಿಯೇ ಬರೆದು ಕೊಡುತ್ತಿದ್ದೆ. ನನ್ನ ಅಕ್ಷರ ಓದಲಾಗದೆ ಎಲ್ಲರೂ ಗೊಣಗುತ್ತಿದ್ದರು. ಆಗ ಸಿಕ್ಕಿದವರು ಆ ಜಾಹೀರಾತಿನ ಮಹಾಶಯರು. ಅವರು ಹೇಳಿದ್ದರಲ್ಲಿ ಬಹುಪಾಲು ನಿಜವೇ ಆಗಿತ್ತು, ನಾನು ಬಿದ್ದದ್ದೂ ಅದಕ್ಕೇ. ಸಿಬೇಲಿಯಸ್, ಡೊರಿಕೊ ಎಂಬ ಹೆಸರಾಂತ ನೊಟೇಷನ್ ತಂತ್ರಾಂಶಗಳ ಪೂರ್ಣ ಆವೃತ್ತಿಗಳು ದುಬಾರಿ ಎಂದರು, ನಿಜ. ಅಂಥದ್ದೇ ಇನ್ನೊಂದು ತಂತ್ರಾಂಶ, 1988ರಿಂದ ಇದ್ದ ಫಿನಾಲೆಯಂಥ ಫಿನಾಲೆಯನ್ನೇ ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ಕೈಬಿಟ್ಟಿತು, ಹೀಗಿರುವಾಗ ದೊಡ್ಡ ಹೆಸರುಗಳನ್ನು ನಂಬಿ ಕೂರಬೇಡಿ ಎಂದರು, ಅದೂ ನಿಜ. ಸಿಬೇಲಿಯಸ್‌ಗೂ ಡೊರಿಕೊಗೂ ವಾದ್ಯಗಳ ಸಂಖ್ಯೆಗೆ ಮಿತಿಯಿರುವ ಉಚಿತ ಆವೃತ್ತಿಗಳಿವೆ ಎಂಬುದನ್ನು ಮಾತ್ರ ಹೇಳಲಿಲ್ಲ. ‘ನಮ್ಮದು ಒಂದೇ ಸಲದ ಪಾವತಿ, ಜೀವನಪರ್ಯಂತ ಪರವಾನಗಿ, ಒಂದು ಕಂಪ್ಯೂಟರಿಗೆ’ ಎಂದರು. ರಸೀದಿಯಲ್ಲಿಯೂ ಹಾಗೆಯೇ ಬರೆದಿತ್ತು. ಈ ಮಾತನ್ನು ನೆನಪಿನಲ್ಲಿಡಿ: ಒಂದು ಕಂಪ್ಯೂಟರಿಗೆ.

ಪಾಠಗಳು ಹನ್ನೆರಡು ವಿಡಿಯೊಗಳಲ್ಲಿ ಬಂದವು. ‘ಇನ್‌ಸ್ಪೆಕ್ಟರ್ ಫಲಕದಲ್ಲಿ ಬದಲಿಸಿ’ ಎಂದು ವಿಡಿಯೊ ಹೇಳುತ್ತದೆ, ನನ್ನ ತೆರೆಯ ಮೇಲೆ ಆ ಹೆಸರಿನದು ಯಾವುದೂ ಇಲ್ಲ. ಒಂದು ಸಂಜೆಯಿಡೀ ಹುಡುಕಿ, ದಡ್ಡತನ ನನ್ನದೇ ಎಂದುಕೊಂಡು ಸುಮ್ಮನಾದೆ. ವಿಡಿಯೊದಲ್ಲಿ ಪ್ರತಿಯೊಂದು ಸ್ವರವನ್ನೂ ಮೌಸಿನಿಂದ ಒತ್ತಿ ಗೆರೆಯ ಮೇಲೆ ಕೂರಿಸುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ಮೂವತ್ತೆರಡು ಬಾರ್‌ಗಳಿಗೆ (ಅಡ್ಡಗೀಟುಗಳ ನಡುವಿನ ತಾಳದ ಮನೆಗಳಿಗೆ) ಎರಡು ದಿನ ಹಿಡಿಯಿತು. ಆದರೂ ಅಚ್ಚಾದ ಹಾಳೆ ನೋಡಿ ಎಷ್ಟು ಹಿಗ್ಗಿದೆನೆಂದರೆ, ಇಬ್ಬರು ಗೆಳೆಯರಿಗೂ ಒತ್ತಾಯಿಸಿ ಅದನ್ನೇ ಕೊಡಿಸಿದೆ. ಬರೆಯಲು ಅತ್ಯಂತ ಕಷ್ಟವಾಗುತ್ತಿರುವ ವಾಕ್ಯ ಇದು.

ಅಭ್ಯಾಸದ ದಿನ ಕ್ಲಾರಿನೆಟ್ ಮೊದಲ ಬಾರ್‌ನಿಂದಲೇ ಅಪಸ್ವರ. ಅದು ಬಿ ಫ್ಲಾಟ್ ಕ್ಲಾರಿನೆಟ್. ಹಾಳೆಯಲ್ಲಿರುವ ಸ್ವರಕ್ಕಿಂತ ಒಂದು ಟೋನ್ (ಎರಡು ಅರ್ಧಸ್ವರಗಳಷ್ಟು) ಕೆಳಗೆ ನುಡಿಯುವ ವಾದ್ಯ, ಹಾಗಾಗಿ ಅದರ ಭಾಗವನ್ನು ಒಂದು ಟೋನ್ ಮೇಲೆ ಬರೆಯಬೇಕು. ತಂತ್ರಾಂಶವೇ ಅದನ್ನು ಮಾಡಿಕೊಡುತ್ತದೆ. ಆದರೆ ಪಾಠದ ಜೊತೆ ಅವರು ಕೊಟ್ಟಿದ್ದ ಮಾದರಿ ಕಡತದಲ್ಲಿ ಸ್ವರಗಳನ್ನು ಹೀಗೆ ಬದಲಿಸದೆ ಕೇಳಿಸುವಂತೆಯೇ ತೋರಿಸುವ ‘ಕಾನ್ಸರ್ಟ್ ಪಿಚ್’ ಗುಂಡಿ ಒತ್ತಿದಂತೆಯೇ ಇತ್ತು, ಆ ಗುಂಡಿ ಏನೆಂದು ಹನ್ನೆರಡರಲ್ಲಿ ಒಂದು ವಿಡಿಯೊದಲ್ಲಿಯೂ ಹೇಳಿರಲಿಲ್ಲ. ಕ್ಲಾರಿನೆಟ್ ನುಡಿಸುವ ಹುಡುಗ ಸರಿಮಾಡಿಕೊಡುತ್ತೇನೆಂದು ನನ್ನ ಲ್ಯಾಪ್‌ಟಾಪ್ ತೆರೆದ. ತೆರೆದವನು ನನ್ನ ಮುಖ ನೋಡಿದ.

‘ಇದು ಮ್ಯೂಸ್‌ಸ್ಕೋರ್ ಅಲ್ಲವೇ ಸರ್? ಇದಕ್ಕೆ ದುಡ್ಡು ಕೊಟ್ಟಿರಾ?’

ಹೌದು, ಮ್ಯೂಸ್‌ಸ್ಕೋರ್. ಜಿಪಿಎಲ್ ಪರವಾನಗಿಯಲ್ಲಿ ಯಾರು ಬೇಕಾದರೂ ಎಷ್ಟು ಕಂಪ್ಯೂಟರುಗಳಿಗೆ ಬೇಕಾದರೂ ಹಾಕಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ಅವರು ಬದಲಿಸಿದ್ದು ಡೆಸ್ಕ್‌ಟಾಪಿನ ಚಿತ್ರವನ್ನೂ ಅದರ ಕೆಳಗಿನ ಹೆಸರನ್ನೂ ಮಾತ್ರ. ಪ್ರತಿಸಲ ತೆರೆಯುವಾಗಲೂ ನಿಜವಾದ ಹೆಸರು ನನ್ನ ಕಣ್ಣೆದುರಿಗೇ ಬಂದು ಹೋಗುತ್ತಿತ್ತು. ಅದು ಇವರಿಗೆ ಸರಕು ಒದಗಿಸುವ ಕಂಪನಿಯ ಹೆಸರಿರಬೇಕೆಂದು ನಾನು ಭಾವಿಸಿದ್ದೆ. ವಿಡಿಯೊಗಳು 3ನೆಯ ಆವೃತ್ತಿಯವು, ನನಗೆ ಹಾಕಿಕೊಟ್ಟದ್ದು 2022ರ ಡಿಸೆಂಬರ್‌ನಲ್ಲಿ ಬಂದ 4ನೆಯದು. ಇನ್‌ಸ್ಪೆಕ್ಟರ್ ಅದರಲ್ಲಿ ಪ್ರಾಪರ್ಟೀಸ್ ಆಗಿದೆ. ಹುಡುಗ ಸ್ವರ ಹಾಕಲು ಶುರುಮಾಡುವ ಎನ್ ಒತ್ತಿದ, ಕ್ವಾರ್ಟರ್ ನೋಟಿಗೆ (ಕಾಲು ಅಳತೆಯ ಸ್ವರಕ್ಕೆ) 5 ಒತ್ತಿದ, ಆಮೇಲೆ ಸ್ವರಗಳ ಅಕ್ಷರಗಳನ್ನೇ ಕೀಲಿಮಣೆಯಲ್ಲಿ ಒತ್ತುತ್ತಾ ಹೋದ. ನನ್ನ ಎರಡು ದಿನದ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಅವನೇನೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು.

ಅಂದೇ ರಾತ್ರಿ ಮಾರಾಟಗಾರರಿಗೆ ಬರೆದೆ. ಮೊದಲ ಉತ್ತರ ಬೆಲ್ಲದಂತಿತ್ತು: ‘ನೀವು ಹಣ ಕೊಟ್ಟಿರುವುದು ತಂತ್ರಾಂಶಕ್ಕಲ್ಲ, ನಮ್ಮ ಬೆಂಬಲಕ್ಕೆ.’ ರಸೀದಿಯ ಚಿತ್ರ ಕಳುಹಿಸಿ, ಬೆಂಬಲವೆಂಬ ಪದ ಇದರಲ್ಲಿ ಎಲ್ಲಿದೆ ತೋರಿಸಿ ಎಂದೆ. ಉತ್ತರವಿಲ್ಲ. ಹಾಗಾದರೆ ಬೆಂಬಲವನ್ನೇ ಕೊಡಿ, ಕ್ಲಾರಿನೆಟ್ ಭಾಗವನ್ನು ಹೇಗೆ ತೆಗೆಯಬೇಕು ಎಂದು ಕೇಳಿದೆ. ‘ಅದು ಮುಂದಿನ ಹಂತದ ಕೋರ್ಸ್, ಶುಲ್ಕ ಬೇರೆ.’ ಹಣ ಹಿಂದಿರುಗಿಸಿ ಎಂದಾಗ, ಪರವಾನಗಿ ರದ್ದಾದರೆ ನಿಮ್ಮ ಕಡತಗಳು ತೆರೆಯುವುದಿಲ್ಲ ಎಂದು ಹೆದರಿಸಿದರು. ನಾನು ನಿಜಕ್ಕೂ ಒಂದು ರಾತ್ರಿ ಹೆದರಿದೆ. ಮರುದಿನ ಇನ್ನೊಂದು ಕಂಪ್ಯೂಟರಿಗೆ ಅದೇ ತಂತ್ರಾಂಶವನ್ನು ಪುಕ್ಕಟೆಯಾಗಿ ಇಳಿಸಿಕೊಂಡು ನೋಡಿದರೆ ಕಡತಗಳೆಲ್ಲವೂ ತೆರೆದುಕೊಂಡವು. ಇದನ್ನು ತಿಳಿಸಿದಾಗ ಬಂದ ಕೊನೆಯ ಉತ್ತರ: ‘ಪುಕ್ಕಟೆ ಸಿಗುತ್ತದೆಂದು ಗೊತ್ತಿದ್ದರೆ ನಮ್ಮ ಹತ್ತಿರ ಯಾಕೆ ಬಂದಿರಿ?’ ಗೊತ್ತಿರಲಿಲ್ಲವಲ್ಲ ಸ್ವಾಮಿ, ಗೊತ್ತಿರಲಿಲ್ಲ ಎಂಬುದನ್ನೇ ತಾನೇ ನೀವು ನನಗೆ ಮಾರಿದ್ದು!

ಜಿಪಿಎಲ್ ತಂತ್ರಾಂಶವನ್ನು ಹಣಕ್ಕೆ ಮಾರಬಾರದೆಂಬ ನಿಯಮವೇನೂ ಇಲ್ಲ, ಕಲಿಸುವವರು ಶುಲ್ಕ ಕೇಳುವುದಂತೂ ನ್ಯಾಯವೇ. ಹೆಸರನ್ನು ಮುಚ್ಚಿಟ್ಟು, ಇಲ್ಲದ ಮಿತಿಯನ್ನು ಹೇರಿ, ಇಲ್ಲದ ಬೀಗದ ಹೆಸರಿನಲ್ಲಿ ಹೆದರಿಸಿದ್ದನ್ನು ಮಾತ್ರ ನಾನು ವ್ಯಾಪಾರವೆಂದು ಕರೆಯಲಾರೆ.

ಕೊಳ್ಳುವವರು ತಂತ್ರಾಂಶದ ನಿಜವಾದ ಹೆಸರನ್ನೂ ಆವೃತ್ತಿಯನ್ನೂ ಲಿಖಿತವಾಗಿ ಕೇಳಿ. ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ. ಹೆಲ್ಪ್ ಪಟ್ಟಿಯಲ್ಲಿರುವ ಅಬೌಟ್ ತೆರೆದು ನೋಡಿ, ನಾನು ನೋಡಲಿಲ್ಲ. ಬರೆದದ್ದನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಕಡತ ರೂಪದಲ್ಲಿ ಹೊರತೆಗೆದು ಒಂದು ಪ್ರತಿ ಇಟ್ಟುಕೊಳ್ಳಿ, ಬೇರೆ ತಂತ್ರಾಂಶಗಳೂ ಅದನ್ನು ಓದುತ್ತವೆ. ಮೊದಲ ಪಾಠದಲ್ಲಿಯೇ ಕೀಲಿಮಣೆಯಿಂದ ಸ್ವರ ಹಾಕುವುದನ್ನು ತೋರಿಸದವರಿಗೆ ಎರಡನೆಯ ಪಾಠದ ಹಣ ಕೊಡಬೇಡಿ.

ನನ್ನ ಹಣ ಇನ್ನೂ ಬಂದಿಲ್ಲ. ಗೆಳೆಯರಿಬ್ಬರಿಗೆ ಅವರ ಹಣವನ್ನು ನಾನೇ ಕೊಟ್ಟೆ. ಒಬ್ಬರು ಬೇಡವೆಂದರೂ ತೆಗೆದುಕೊಂಡರು, ಇನ್ನೊಬ್ಬರು ಏನೂ ಹೇಳದೆ ತೆಗೆದುಕೊಂಡರು.