ದೆವ್ವದ ಹೆಸರಿನ ಮೂರು ಪಬ್‌ಗಳು

ದೆವ್ವಗಳಿವೆಯೆಂದು ಹೆಸರಾದ ಇಂಗ್ಲೆಂಡಿನ ಹಳೆಯ ಪಬ್‌ಗಳಲ್ಲಿ ನಾನು ಕುಳಿತು ನೋಡಿರುವುದು ಮೂರನ್ನು: ಲಂಡನ್ನಿನ ಗ್ರೆನೇಡಿಯರ್, ನಾಟಿಂಗ್‌ಹ್ಯಾಮ್‌ನ ಯೆ ಓಲ್ಡ್ ಟ್ರಿಪ್ ಟು ಜೆರುಸಲೇಮ್, ಯಾರ್ಕ್‌ನ ಗೋಲ್ಡನ್ ಫ್ಲೀಸ್. ಎಲ್ಲಿಯೂ ದೆವ್ವ ಕಾಣಲಿಲ್ಲ. ಆದರೂ ಹೆದರಿಸುವ ಶಕ್ತಿಯಲ್ಲಿ ಮೂರೂ ಒಂದೇ ತೂಕದವಲ್ಲ.

ಕಥೆಯ ಸೊಗಸಿನಲ್ಲಿ ಗ್ರೆನೇಡಿಯರ್ ಮೇಲು. ಹೈಡ್ ಪಾರ್ಕ್ ಕಾರ್ನರ್‌ನ ಗದ್ದಲದಿಂದ ಸ್ವಲ್ಪವೇ ದೂರದಲ್ಲಿ, ವಿಲ್ಟನ್ ರೋ ಎಂಬ ಕಲ್ಲುಹಾಸಿನ ಓಣಿಯಲ್ಲಿರುವ ಈ ಪಬ್‌ನಲ್ಲಿ, ಇಸ್ಪೀಟಾಟದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಸಿಪಾಯಿಯೊಬ್ಬನನ್ನು ಸಂಗಡಿಗರೇ ಹೊಡೆದು ಕೊಂದರೆಂದೂ, ಸೆಡ್ರಿಕ್ ಎಂದು ಕರೆಯಲಾಗುವ ಅವನು ಸೆಪ್ಟೆಂಬರ್‌ನಲ್ಲಿ ಹೆಚ್ಚಾಗಿ ಸುಳಿಯುತ್ತಾನೆಂದೂ ಪ್ರತೀತಿ. ಅವನ ಸಾಲ ತೀರಲೆಂದು ಬಂದವರು ಚಾವಣಿಗೆ ನೋಟು ಅಂಟಿಸುತ್ತಾರೆ. ನಾನೂ ಕನ್ನಡದ ‘ಹತ್ತು ರೂಪಾಯಿಗಳು’ ಕಾಣುವಂತೆ ಒಂದು ನೋಟು ಅಂಟಿಸಿ ಬಂದೆ. ಆದರೆ ಪುಟ್ಟ ಕೋಣೆಯಲ್ಲಿ ಕಿಕ್ಕಿರಿದ ಜನರ ನಡುವೆ ಸೆಡ್ರಿಕ್ ಬಂದರೂ ನಿಲ್ಲಲು ಜಾಗವಿರಲಿಲ್ಲ.

ಟ್ರಿಪ್‌ನ ಗೋಡೆಯ ಮೇಲೆ 1189 ಎಂಬ ಇಸವಿ ಬರೆದಿದ್ದರೂ ಈಗಿನ ಕಟ್ಟಡ 17ನೆಯ ಶತಮಾನದ್ದು. ಕೋಟೆಯ ಬಂಡೆಯನ್ನು ಕೊರೆದ ಗುಹೆಗಳು ಮಾತ್ರ ನಿಜಕ್ಕೂ ನೋಡುವಂಥವು. ಅಲ್ಲಿನ ಹಡಗಿನ ಮಾದರಿಯೊಂದರ ಧೂಳು ಒರೆಸಿದವರು ಸತ್ತರೆಂಬ ಮಾತಿದೆ. ಧೂಳು ಒರೆಸದಿರಲು ಇದಕ್ಕಿಂತ ಗಟ್ಟಿಯಾದ ನೆಪ ನಾನು ಕೇಳಿಲ್ಲ.

ಗೋಲ್ಡನ್ ಫ್ಲೀಸ್‌ನ ಅನುಭವವೇ ಬೇರೆ, ಏಕೆಂದರೆ ಅಲ್ಲಿ ರಾತ್ರಿ ತಂಗಬಹುದು. 1503ರಷ್ಟು ಹಿಂದೆಯೇ ನಗರದ ದಾಖಲೆಗಳಲ್ಲಿ ಉಲ್ಲೇಖಗೊಂಡ ಈ ಪಬ್‌ನಲ್ಲಿ, ಯಾರ್ಕ್‌ನ ಮೇಯರ್ ಆಗಿದ್ದ ಜಾನ್ ಪೆಕೆಟ್‌ನ ಹೆಂಡತಿ ಲೇಡಿ ಆಲಿಸ್ ಪೆಕೆಟ್ ಮೆಟ್ಟಿಲುಗಳ ಮೇಲೆ ಓಡಾಡುತ್ತಾಳೆಂದು ಹೇಳುತ್ತಾರೆ. ಹಿಂದಿನ ಓಣಿಗೂ ಅವಳದೇ ಹೆಸರು. ಕೋಣೆಯ ನೆಲ ಎಷ್ಟು ಓರೆಯೆಂದರೆ, ಮಂಚದಿಂದ ಇಳಿದವನಿಗೆ ಯಾರೋ ಹಿಂದಿನಿಂದ ಮೆಲ್ಲನೆ ತಳ್ಳಿದಂತಾಗುತ್ತದೆ. ನಡುರಾತ್ರಿ ಹೊರಗಿನ ಹಲಗೆಗಳು ಒಂದರ ನಂತರ ಒಂದು ಕಿರುಗುಟ್ಟಿ ನನ್ನ ಬಾಗಿಲ ಬಳಿ ನಿಂತವು. ತಂಪಿಗೆ ಮರ ಕುಗ್ಗುತ್ತದೆಂಬುದು ಗೊತ್ತಿತ್ತು. ಕಿವಿಗೆ ಕೇಳದ ಸುಮಾರು 19 ಹರ್ಟ್ಸ್‌ನ ಕಂಪನವೂ ಇಂಥ ಅನುಭವಗಳಿಗೆ ಕಾರಣವಿರಬಹುದೆಂದು ಕೋವೆಂಟ್ರಿ ವಿಶ್ವವಿದ್ಯಾಲಯದ ಸಂಶೋಧಕ ವಿಕ್ ಟ್ಯಾಂಡಿ 1998ರಲ್ಲಿ ವಾದಿಸಿದ್ದೂ ನೆನಪಿತ್ತು. ಆ ಹೊತ್ತಿಗೆ ಎರಡೂ ಕೆಲಸಕ್ಕೆ ಬರಲಿಲ್ಲ.

ಸಂಜೆಯ ಹರಟೆಗಾದರೆ ಗ್ರೆನೇಡಿಯರ್ ಸಾಕು. ಹೆದರಲೆಂದೇ ಹೋಗುವವರು ಯಾರ್ಕ್‌ನಲ್ಲಿ ಒಂದು ರಾತ್ರಿ ತಂಗಲಿ, ಅದೂ ಒಬ್ಬರೇ.